ನಾಲಗೆಯ ಮೇಲೊಂದು ಚಿಟಿಕೆ

ಆಲಸನತ್ತಂ, ಹೊಸೂರು
9 ಜೂನ್ 2024

ನಾಗವೇಣಿಗೆ,

ಅಮ್ಮ ಕಾಗದ ಬರೆದಿದ್ದಾಳೆಂದರೆ ನೀನು ಮೊದಲು ಗಾಬರಿಯಾಗುತ್ತೀಯ. ಗಾಬರಿಯಾಗುವಂಥದ್ದು ಏನೂ ಇಲ್ಲ. ಅಂಚೆಟ್ಟಿ ಆಚೆಯ ನಿನ್ನ ಊರಿನಲ್ಲಿ ಫೋನು ಸಿಗಬೇಕಾದರೆ ನೀನು ಸ್ಕೂಲಿನ ಹಿಂದಿನ ಗುಡ್ಡ ಹತ್ತಬೇಕು. ಇಲ್ಲಿ ನಾನು ನಾಲ್ಕು ಮಾತಾಡಿದರೆ ಕೆಮ್ಮು ಬರುತ್ತದೆ. ಇಬ್ಬರಿಗೂ ಕಾಗದವೇ ವಾಸಿ.

ಈ ತಿಂಗಳ ಕೊನೆಗೆ ಹಿಟ್ಟಿನ ಮಿಷನ್ನು ನಿಲ್ಲಿಸುತ್ತಿದ್ದೇನೆ. ಕೃಷ್ಣಗಿರಿಯ ಎದೆ ಡಾಕ್ಟರು ಫೋಟೋ ತೆಗೆಸಿ ನೋಡಿದರು. ಇಪ್ಪತ್ತಾರು ವರ್ಷದ ಧೂಳು ಎದೆಯಲ್ಲಿ ಕೂತಿದೆ, ಇನ್ನು ಮಿಷನ್ ಮನೆಯಲ್ಲಿ ನಿಲ್ಲಬಾರದು ಎಂದರು. ಕುರ್ಚಿ ಹಾಕಿಕೊಂಡು ಕೂತುಕೊಳ್ಳಬಹುದೇ ಎಂದು ಕೇಳಿದೆ. ಅವರು ನಗಲಿಲ್ಲ.

ಮೇಲಿನ ಮಹಡಿ ಕಟ್ಟಲು ಮನೆಯ ಪತ್ರ ಅಡವಿಟ್ಟು ತೆಗೆದ ಸಾಲಕ್ಕೆ ಇನ್ನು ಹತ್ತೊಂಬತ್ತು ಕಂತು ಇದೆ. ಇಲ್ಲಿಯವರು ಹೇಳುವ ಹಾಗೆ ಹತ್ತೊಂಬತ್ತು ಡ್ಯೂ. ಸಾಲದ ಕಾಗದದಲ್ಲಿ ನಿನ್ನ ಸಹಿಯೂ ಇದೆಯೆಂದು ನೀನು ತಲೆ ಹಾಕಬೇಕಾಗಿಲ್ಲ. ನಿನ್ನ ಸಂಬಳದ ಚೀಟಿ ಬೇಕಾಗಿತ್ತು, ತೆಗೆದುಕೊಂಡೆ. ಸಂಬಳ ಬೇಡ ಎಂದು ಆ ದಿನವೇ ಹೇಳಿದ್ದೆ. ಮಹಡಿಯ ಬಾಡಿಗೆ ಬರುತ್ತದೆ. ಮಿಷನ್ ಮಾರಿದರೆ ಒಂದಿಷ್ಟು ಬರುತ್ತದೆ. ಮಿಷನ್ ಮನೆಯನ್ನು ಅಂಗಡಿಗೆ ಬಾಡಿಗೆ ಕೊಡುತ್ತೇನೆ. ಲೆಕ್ಕ ಸರಿಹೋಗುತ್ತದೆ.

ಇನ್ನೊಂದು ವಿಷಯ. ಹಿಂದಿನ ಬೀದಿಯಲ್ಲಿ ಮೇಘಶ್ರೀ ಅಂತ ಒಬ್ಬ ಹುಡುಗಿ ಇದ್ದಾಳೆ. ಮಂಡ್ಯದ ಕಡೆಯವಳು, ಗಂಡನಿಗೆ ಇಲ್ಲಿ ಫ್ಯಾಕ್ಟರಿ ಕೆಲಸ. ಅವಳು ಬಂದು ನನ್ನ ಹಿಟ್ಟಿನ ಮೇಲೆ ಏನೋ ದೂರು ಹೇಳಿದಳು. ಹೇಳಬೇಕಾದ್ದನ್ನು ಹೇಳಿ ಕಳಿಸಿದ್ದೇನೆ. ಯಾರಾದರೂ ನಿನ್ನ ಕಿವಿಗೆ ಹಾಕಿದರೆ ನಂಬಬೇಡ.

ನಿನ್ನ ಹೋದ ವರ್ಷದ ಕಾಗದದಲ್ಲಿ ಅಕ್ಷರ ಇರುವೆ ಸಾಲಿನಂತಿತ್ತು. ಟೀಚರಾದವಳು ಹಾಗೆ ಬರೆಯಬಾರದು.

ಇಂತಿ ನಿನ್ನ ತಾಯಿ,
ಲಕ್ಷ್ಮೀದೇವಮ್ಮ

*

23 ಜೂನ್ 2024

ಅಮ್ಮ,

ಅಕ್ಷರ ದಪ್ಪಗೆ ಬರೆಯುತ್ತಿದ್ದೇನೆ, ನೋಡು.

ಮಿಷನ್ ನಿಲ್ಲಿಸುತ್ತಿರುವುದು ಕೇಳಿ ನನಗೆ ಸಂತೋಷವಾಗಬೇಕಾಗಿತ್ತು. ಮೂರು ವರ್ಷದಿಂದ ಅದನ್ನೇ ಹೇಳುತ್ತಿದ್ದೆ. ಆದರೆ ಅಪ್ಪ ಹೋದ ಹದಿನಾಲ್ಕನೆಯ ದಿನ ಬೆಳಿಗ್ಗೆ ಮಿಷನ್ನಿಗೆ ಬೆಲ್ಟು ಹಾಕಿದವಳು ನೀನು. ಡಾಕ್ಟರು ಹೇಳಿದರೆಂದು ಬೆಲ್ಟು ತೆಗೆಯುವವಳಲ್ಲ.

ಆ ಹುಡುಗಿಯ ವಿಷಯ ನನ್ನ ಕಿವಿಗೆ ಯಾರೂ ಹಾಕಿರಲಿಲ್ಲ. ನೀನೇ ಹಾಕಿದ್ದು. ಯಾರೂ ಕೇಳದ ಪ್ರಶ್ನೆಗೆ ಉತ್ತರ ಕೊಡುವ ಅಭ್ಯಾಸ ನಿನಗಿಲ್ಲವಲ್ಲಮ್ಮ. ಅವಳ ದೂರು ಏನು?

ಡ್ಯೂ ನಾನು ಕಟ್ಟುತ್ತೇನೆ. ನನ್ನ ಖರ್ಚು ನಿನಗೆ ಗೊತ್ತು. ಈ ಕಾಡೂರಿನಲ್ಲಿ ದುಡ್ಡು ಖರ್ಚು ಮಾಡಬೇಕೆಂದರೂ ಅಂಗಡಿಯಿಲ್ಲ. ಮೂರು ವರ್ಷದ ಹಿಂದೆ ನಾನು ಕಳಿಸಿದ ದುಡ್ಡನ್ನು ನೀನು ಕವರಿಗೆ ಹಾಕಿ, ಅಂಟಿಸಿ, ಅಂಚೆಟ್ಟಿ ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟು ವಾಪಸ್ ಕಳಿಸಿದ್ದೆ. ಬಸ್ಸಿನ ತುಂಬ ನಮ್ಮ ಸ್ಕೂಲಿನ ಮಕ್ಕಳ ಅಪ್ಪ ಅಮ್ಮಂದಿರಿದ್ದರು. "ಟೀಚರ್ ದುಡ್ಡು ಅವರಮ್ಮ ಬ್ಯಾಡ ಅಂದ್ರಂತೆ" ಎಂದು ಊರೆಲ್ಲ ಆಯಿತು. ಅಂದಿನಿಂದ ನಾವಿಬ್ಬರೂ ಹಬ್ಬಕ್ಕೆ ಮಾತ್ರ ಮಾತಾಡುತ್ತಿದ್ದೇವೆ. ಈ ಸಲ ಹಾಗೆ ಮಾಡಬೇಡ.

ನಿನ್ನ ಮಗಳು,
ನಾಗವೇಣಿ

*

ಆಲಸನತ್ತಂ
7 ಜುಲೈ 2024

ನಾಗವೇಣಿಗೆ,

ಮಿಷನ್ ನಿಂತು ಒಂದು ವಾರವಾಯಿತು. ಆರೋಗ್ಯದ ಕಾರಣ ಮುಚ್ಚಲಾಗಿದೆ ಎಂದು ಕನ್ನಡದಲ್ಲೂ ತಮಿಳಿನಲ್ಲೂ ಬೋರ್ಡು ಬರೆಸಿ ಬಾಗಿಲಿಗೆ ಹಾಕಿದ್ದೇನೆ. ಜನ ಓದಿ, ಅಯ್ಯೋ ಅನ್ನುತ್ತಾರೆ. ಅವರ ಅಯ್ಯೋ ನನಗೆ ಬೇಕಾಗಿಲ್ಲ.

ದೂರು ಏನೆಂದು ಕೇಳಿದ್ದೀಯ. ಮಗುವಿಗೆಂದು ಬೀಸಿಸಿಕೊಂಡು ಹೋದ ರಾಗಿ ಸರಿ ಹಿಟ್ಟಿನಲ್ಲಿ ಖಾರ ಇತ್ತಂತೆ. ಮೇ ತಿಂಗಳಲ್ಲಿ ಮೆಣಸಿನಕಾಯಿ ಮಿಷನ್ನಿನ ಮೋಟಾರು ಸುಟ್ಟುಹೋಗಿತ್ತು. ಅದನ್ನು ರಿಪೇರಿ ಮಾಡಿಸಿದರೆ ಆ ತಿಂಗಳ ಡ್ಯೂ ತಪ್ಪುತ್ತಿತ್ತು. ಹಾಗೆಂದು ಬೇಸಿಗೆಯಲ್ಲಿ ಖಾರದ ಪುಡಿಗೆ ಬಂದವರನ್ನು ವಾಪಸ್ ಕಳಿಸಲು ಆಗುತ್ತದೆಯೇ? ಖಾರವನ್ನೂ ರಾಗಿ ಮಿಷನ್ನಿನಲ್ಲೇ ಬೀಸಿದೆ. ಖಾರ ಬೀಸಿದ ಮೇಲೆ ನುಚ್ಚಕ್ಕಿ ಬಿಟ್ಟು ಕಲ್ಲು ತೊಳೆಯುತ್ತೇವೆ. ಆ ಹಿಟ್ಟನ್ನು ಒಂದು ಚಿಟಿಕೆ ಅಂಗೈಯಲ್ಲಿ ಉಜ್ಜಿ, ಮೂಸಿ, ನಾಲಗೆಯ ಮೇಲೆ ಇಟ್ಟು ನೋಡುತ್ತೇನೆ. ನಾನು ಸರಿ ಎಂದ ಮೇಲೆಯೇ ಮಿಷನ್ ಕೆಲಸದ ಬಚ್ಚಪ್ಪ ಮುಂದಿನವರ ಡಬ್ಬಿಗೆ ಕೈಹಾಕುವುದು. ಈ ಬೀದಿಯ ಅರ್ಧ ಮಕ್ಕಳು ನನ್ನ ನಾಲಗೆ ಸರಿ ಎಂದ ಹಿಟ್ಟು ತಿಂದು ಬೆಳೆದವರು. ನೀನೂ ಸೇರಿ.

ಇದರ ಮೇಲೆ ಕೇಳಬೇಡ. ದುಡ್ಡು ಕಳಿಸಬೇಡ.

ಲಕ್ಷ್ಮೀದೇವಮ್ಮ

*

ಆಲಸನತ್ತಂ
1 ಸೆಪ್ಟೆಂಬರ್ 2024

ನಾಗವೇಣಿಗೆ,

ನಿನ್ನ ಎರಡು ಕಾಗದ ಬಂದವು. ಉತ್ತರ ಬರೆಯಲಿಲ್ಲ. ಬರೆಯಲು ಕೂತು ಹರಿದದ್ದು ಮೂರು ಸಲ.

ಮಿಷನ್ನುಗಳಿಗೆ ಗಿರಾಕಿ ಬಂದಿಲ್ಲ. ಅಂಗಡಿ ಬಾಡಿಗೆಗೆ ಕೇಳಲು ಬಂದವರು ಒಳಗಿನ ಮಿಷನ್ ನೋಡಿ, ಇದನ್ನು ತೆಗೆಸಿದ ಮೇಲೆ ಹೇಳಿ ಎಂದು ಹೋಗುತ್ತಾರೆ. ಆಗಸ್ಟ್ ತಿಂಗಳ ಡ್ಯೂ ತಪ್ಪಿತು. ಸಾಲದ ಆಫೀಸಿನಿಂದ ಒಬ್ಬ ಹುಡುಗ ಬಂದು ಗೇಟಿನ ಹತ್ತಿರವೇ ನಿಂತು ತಮಿಳಿನಲ್ಲಿ ಕೇಳಿದ. ಮರ್ಯಾದೆಯಾಗಿಯೇ ಕೇಳಿದ. ನಾನೇ ಅವನನ್ನು ಒಳಗೆ ಕರೆದೆ, ಬೀದಿಯವರು ನೋಡಬಾರದೆಂದು. ನೆಂಟರಿಗೆ ಕೊಡುವ ಹಾಗೆ ಕಾಫಿ ಕೊಟ್ಟೆ. ಅವನು ಒಂದು ಗುಟುಕು ಕುಡಿದು ಮುಖ ಕಿವುಚಿ ಲೋಟ ಕೆಳಗಿಟ್ಟ. ಏನೆಂದು ನನಗೆ ಗೊತ್ತಾಗಲಿಲ್ಲ. ಅವನು ಹೋದ ಮೇಲೆ ಡಬ್ಬಿ ನೋಡಿದೆ. ಸಕ್ಕರೆಯ ಬದಲು ಉಪ್ಪು ಹಾಕಿದ್ದೆ. ನನ್ನ ಲೋಟದ ಕಾಫಿಗೂ ಅದನ್ನೇ ಹಾಕಿದ್ದೆ, ಪೂರ್ತಿ ಕುಡಿದಿದ್ದೆ.

ಆ ಲೋಟ ತೊಳೆಯುವಾಗ ನಿನಗೆ ಬರೆಯಬೇಕೆಂದು ತೀರ್ಮಾನಿಸಿದೆ.

ನನ್ನ ಮೂಗು ಸಂಕ್ರಾಂತಿಯಿಂದಲೇ ಸತ್ತಿದೆ. ನಾಲಗೆ ಅದರ ಹಿಂದೆಯೇ ಹೋಯಿತು. ಧೂಳಿನಿಂದ ಹೀಗೂ ಆಗುತ್ತದೆಂದು ಆಮೇಲೆ ಡಾಕ್ಟರು ಹೇಳಿದರು. ನನಗೆ ಮೊದಲು ತಿಳಿಯಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ. ಹೂ ಮಾರುವ ಬೈರಮ್ಮನಿಗೆ ಜನವರಿಯಲ್ಲೇ ಬೈದಿದ್ದೆ: "ಏನ್ ಹೂವೇ ಇದು, ತಳಿ ಊರಿಂದ ಹೊತ್ಕೊಂಡ್ ಬತ್ತೀಯ, ವಾಸ್ನೇನೇ ಇಲ್ವಲ್ಲ!" ಅವಳು ಮಾರು ಹೂವನ್ನು ತನ್ನ ಮೂಗಿಗೆ ಹಿಡಿದು ನೋಡಿ, ನನ್ನ ಮುಖ ನೋಡಿ, ಸುಮ್ಮನೆ ಬುಟ್ಟಿ ಎತ್ತಿಕೊಂಡು ಹೋದಳು. ಅವಳು ಹೋದ ಮೇಲೆ ಒಳಗೆ ಬಂದು ಊದುಬತ್ತಿ ಮೂಸಿದೆ, ಫಿನಾಯಿಲ್ ಮೂಸಿದೆ. ಎರಡೂ ಒಂದೇ.

ಆದರೂ ನಾಲ್ಕು ತಿಂಗಳು, ದಿನಾ, ಚಿಟಿಕೆ ಹಿಟ್ಟು ನಾಲಗೆಯ ಮೇಲೆ ಇಟ್ಟುಕೊಂಡು, ಕಣ್ಣು ಮುಚ್ಚಿ, ಸರಿ ಎಂದು ತಲೆ ಆಡಿಸಿದೆ. ಖಾರಕ್ಕೆ ಬೇರೆ ಮಿಷನ್ನು ಇದ್ದುದರಿಂದ ಅಷ್ಟು ದಿನ ನಡೆಯಿತು. ಜನ ಅದನ್ನು ನೋಡಲೆಂದೇ ನನ್ನ ಹತ್ತಿರ ಬರುತ್ತಿದ್ದರು, ನಾಗವೇಣಿ. ಆಗುವುದಿಲ್ಲ ಎಂದು ಹೇಗೆ ಹೇಳಲಿ?

ಮೇಘಶ್ರೀ ಮೊಳಕೆ ಕಟ್ಟಿ, ಒಣಗಿಸಿ, ಹುರಿದ ರಾಗಿ ತಂದಿದ್ದಳು. ಏಳು ತಿಂಗಳ ಮಗು. ಸಾಲಿನಲ್ಲಿ ಅವಳಿಗಿಂತ ಮುಂದೆ ಇದ್ದವರದು ಎರಡು ಕೆಜಿ ಮೆಣಸಿನಕಾಯಿ. ಬಚ್ಚಪ್ಪ ಒಂದು ಸೇರು ನುಚ್ಚಕ್ಕಿ ಬಿಟ್ಟು, "ಇನ್ನೊಂದ್ ಸೇರು ಬುಡ್ಲಾ ಅಕ್ಕ?" ಎಂದ. ನಾನು ಚಿಟಿಕೆ ಇಟ್ಟುಕೊಂಡೆ. ನಾಲಗೆ ಏನೂ ಹೇಳಲಿಲ್ಲ. "ಸಾಕು, ಮಗೀದ್ ಹಾಕ್ಲಾ" ಎಂದೆ.

ಎರಡನೆಯ ದಿನ ಬೆಳಿಗ್ಗೆ ಅವಳು ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು, ಡಬ್ಬಿ ಹಿಡಿದುಕೊಂಡು ಬಂದಳು. ಸಾಲಿನಲ್ಲಿ ಹತ್ತು ಹನ್ನೆರಡು ಜನ. "ಅಮ್ಮ, ಹಿಟ್ಟಲ್ಲಿ ಖಾರ ಅದೆ. ಮಗು ಬಾಯೆಲ್ಲ ಕೆಂಪಗಾಗೋಗದೆ, ಆಸ್ಪತ್ರೆಗ್ ಎತ್ಕಂಡ್ ಹೋಗಿದ್ವು" ಎಂದಳು. ಜಗಳಕ್ಕೆ ಬಂದಿರಲಿಲ್ಲ. ಬೇರೆ ಮಕ್ಕಳ ಹಿಟ್ಟಿಗೂ ಬಿದ್ದಿರಬಹುದು, ನೋಡಿ ಎಂದು ಹೇಳಲು ಬಂದಿದ್ದಳು.

ನಾನು ಹೇಳಿದ್ದು ಇದು: "ನನ್ ಮಿಷನ್ನಲ್ಲಿ ಖಾರವಾ? ಖಾರ ತುಂಬಿದ್ ಡಬ್ಬೀನ ತೊಳೀದೆ ತಂದ್ಬುಟ್ಟು, ಇಲ್ ನಿಂತ್ಕೊಂಡ್ ಮಾತಾಡ್ತೀಯಾ? ಡಬ್ಬಿ ತೊಳೆಯಾಕ್ ಬರ್ದಿರೋಳಿಗೆ ಮಗ ಯಾಕೆ?"

ಬೀದಿಯವರು ನಕ್ಕರು. ಅವಳು ಡಬ್ಬಿಯನ್ನು ಮೇಜಿನ ಮೇಲೆ ಬಿಟ್ಟು ಹೋದಳು. ಅಂದಿನಿಂದ ನಲ್ಲಿಯ ಹತ್ತಿರ ಅವಳಿಗೆ "ಡಬ್ಬಿ ತೊಳೀದೋಳು" ಎಂದೇ ಹೆಸರು. ಒಂದು ತಿಂಗಳಲ್ಲಿ ಮನೆ ಖಾಲಿ ಮಾಡಿ ಜೂಜುವಾಡಿಗೆ ಹೋದರು.

ಎಲ್ಲರೂ ಹೋದ ಮೇಲೆ ಬಚ್ಚಪ್ಪನಿಗೆ ಆ ಹಿಟ್ಟು ಕೊಟ್ಟು "ನೋಡ್ಲಾ" ಎಂದೆ. ಬಾಯಿಗೆ ಹಾಕಿಕೊಂಡು ನೆಲ ನೋಡಿದ.

"ಸುಮಾರಾಗೈತೆ ಅಕ್ಕ."

"ಏನ್ಲಾ ಸುಮಾರು?"

"ಸುಮಾರಾಗ್ ಖಾರ ಐತೆ."

ಬೋರ್ಡಿನಲ್ಲಿ ಆರೋಗ್ಯದ ಕಾರಣ ಎಂದು ಬರೆಸಿದ್ದೇನೆ. ಅದು ಸುಳ್ಳಲ್ಲ. ಅಷ್ಟೇ ನಿಜವೂ ಅಲ್ಲ. ಎದೆಗಾಗಿ ನಾನು ಮಿಷನ್ ನಿಲ್ಲಿಸುತ್ತಿರಲಿಲ್ಲ.

ಓದಿದ ಮೇಲೆ ಈ ಕಾಗದವನ್ನು ಒಲೆಗೆ ಹಾಕು.

ಅಮ್ಮ

*

15 ಸೆಪ್ಟೆಂಬರ್ 2024

ಅಮ್ಮ,

ಒಲೆಗೆ ಹಾಕಿಲ್ಲ. ಹಾಕುವುದಿಲ್ಲ.

ನಾನೂ ಒಂದು ಹೇಳಬೇಕು. ಯುಗಾದಿಗೆ ಬಂದಾಗ ನೀನು ಮಾಡಿದ ಒಬ್ಬಟ್ಟಿನ ಸಾರು ಬಾಯಿಗೆ ಇಡಲಾಗದಷ್ಟು ಉಪ್ಪಾಗಿತ್ತು. ಎರಡು ಸಲ ಹಾಕಿಸಿಕೊಂಡು ಉಂಡೆ. "ಹೆಂಗೈತೆ?" ಎಂದು ನೀನು ಕೇಳಿದೆ. ಚೆನ್ನಾಗಿದೆ ಎಂದೆ. ವಾಪಸ್ ಬಸ್ಸಿನಲ್ಲಿ ದಾರಿಯುದ್ದಕ್ಕೂ ನೀರು ಕುಡಿದೆ. ನಿನಗೆ ಏನೋ ಆಗಿದೆ ಎಂದು ಅನ್ನಿಸಿತ್ತು. ಹೇಳಿದರೆ ನೀನು ತಟ್ಟೆ ಎತ್ತಿಕೊಂಡು ಹೋಗುತ್ತೀಯೆಂದು ಹೇಳಲಿಲ್ಲ. ಅಂದು ಬಾಯಿ ಬಿಟ್ಟಿದ್ದರೆ ಆ ಮಗುವಿನ ಬಾಯಿ ಉಳಿಯುತ್ತಿತ್ತು.

ಆಗಸ್ಟ್, ಸೆಪ್ಟೆಂಬರ್ ಎರಡು ಡ್ಯೂ ಕಟ್ಟಿದ್ದೇನೆ. ರಸೀದಿ ಇದರ ಜೊತೆಗಿದೆ.

ಜೂಜುವಾಡಿ ಇಲ್ಲಿಂದಲ್ಲ, ನಿನ್ನ ಮನೆಯಿಂದ ಹತ್ತಿರ. ಇಷ್ಟು ಹೇಳಿದರೆ ಸಾಕು.

ನಾಗವೇಣಿ

*

ಆಲಸನತ್ತಂ
20 ಅಕ್ಟೋಬರ್ 2024

ನಾಗವೇಣಿಗೆ,

ರಸೀದಿ ಬಂದ ದಿನ ಅಂಗಡಿಗೆ ಹೋಗಿ ಒಂದು ಕವರು ತಂದೆ, ಕಂಡಕ್ಟರ ಕೈಯಲ್ಲಿ ಕಳಿಸಲು. ಮನೆಗೆ ಬಂದ ಮೇಲೆ ಕವರಿಗೆ ಹಾಕಲು ದುಡ್ಡಿರಲಿಲ್ಲ. ಕವರು ಇಲ್ಲೇ ಇದೆ.

ಜೂಜುವಾಡಿಗೆ ಹೋಗಿದ್ದೆ. ಬೈರಮ್ಮನಿಂದ ವಿಳಾಸ ತೆಗೆದುಕೊಂಡೆ. ಬಸ್ಸಿಳಿದು, ಸಾಲುಗಟ್ಟಿ ನಿಂತ ಲಾರಿಗಳ ಸಂದಿಯಲ್ಲಿ ರಸ್ತೆ ದಾಟಿದೆ. ಅವರ ಮನೆ ಮೂರನೆಯ ಮಹಡಿ. ಹತ್ತುತ್ತಾ ನಾಲ್ಕು ಕಡೆ ಮೆಟ್ಟಿಲ ಮೇಲೆ ಕೂತೆ. ಮೇಲಿನಿಂದ ಇಳಿದು ಬಂದ ಒಬ್ಬ ಹುಡುಗಿ ನನ್ನನ್ನು ಭಿಕ್ಷೆಯವಳೆಂದುಕೊಂಡು ಐದು ರೂಪಾಯಿ ನೀಡಿದಳು. ಬೇಡ ಎನ್ನಲು ಉಸಿರಿರಲಿಲ್ಲ. ಆ ನಾಣ್ಯ ಕೈಯಲ್ಲಿ ಹಿಡಿದುಕೊಂಡೇ ಮೇಘಶ್ರೀಯ ಬಾಗಿಲು ತಟ್ಟಿದೆ.

ಅವಳು ಒಳಗೆ ಕರೆದಳು, ಕುರ್ಚಿ ಕೊಟ್ಟಳು, ನೀರು ಕೊಟ್ಟಳು. ಮಗು ನಡೆಯಲು ಕಲಿಯುತ್ತಿದೆ. ಗೋಡೆ ಬಿಟ್ಟು ಎರಡು ಹೆಜ್ಜೆ ಇಟ್ಟು ನನ್ನ ಮೊಳಕಾಲು ಹಿಡಿದುಕೊಂಡಿತು. ಅದಕ್ಕೇನು ಗೊತ್ತು.

ತಪ್ಪು ನನ್ನದು ಎಂದು ಹೇಳಿದೆ. ನಾಲಗೆಯ ವಿಷಯವನ್ನೂ ಹೇಳಿದೆ. ಅವಳು ಅತ್ತು, ಬಿಡಿ ಅಮ್ಮ ಎನ್ನುತ್ತಾಳೆಂದು ದಾರಿಯುದ್ದಕ್ಕೂ ಅಂದುಕೊಂಡಿದ್ದೆ. ಅವಳು ಅಳಲಿಲ್ಲ. ಮಗುವನ್ನು ನನ್ನ ಕಾಲಿನಿಂದ ಬಿಡಿಸಿಕೊಂಡು, "ಇಲ್ಲಿ ಹೇಳಿದ್ರೆ ಏನ್ ಬಂತಮ್ಮ? ಇಲ್ಲಿ ನನ್ನ ಯಾರೂ ಬೈದಿರ್ಲಿಲ್ವಲ್ಲ" ಎಂದಳು.

ಸರಿಯಾಗಿ ಹೇಳಿದಳು. ಅವಳ ವಯಸ್ಸಿನಲ್ಲಿ ನಾನಿದ್ದಿದ್ದರೂ ಅದನ್ನೇ ಹೇಳುತ್ತಿದ್ದೆ.

ಇಳಿಯುವಾಗ ಐದು ರೂಪಾಯಿಯನ್ನು ಮೆಟ್ಟಿಲ ಮೇಲೆ ಇಟ್ಟು ಬಂದೆ.

ಬಂದಾಗಿನಿಂದ ನಿದ್ದೆಯಿಲ್ಲ. ಈ ಬೀದಿಯಲ್ಲಿ ನಾನು ಮೂವತ್ತು ವರ್ಷದಿಂದ ಇದ್ದೇನೆ. ನಾನು ಹೊರಗೆ ಬಂದರೆ ನಲ್ಲಿಯ ಹತ್ತಿರ ಜಗಳ ನಿಲ್ಲುತ್ತದೆ. ಇಲ್ಲಿ ನಿಂತು ಹೇಳಿದ ಮೇಲೆ ಈ ಮನೆಯಲ್ಲಿ ಹೇಗಿರಲಿ? ಸಾಲ ತೀರಿ ಮನೆ ಉಳಿದರೂ, ಆಮೇಲೆ ಅದರ ಬಾಗಿಲು ತೆಗೆದು ಹೊರಗೆ ಬರಬೇಕಲ್ಲ.

ಅಮ್ಮ

*

ಆಲಸನತ್ತಂ
25 ನವೆಂಬರ್ 2024

ನಾಗವೇಣಿಗೆ,

ನಿನ್ನೆ ಭಾನುವಾರ ಮಿಷನ್ನುಗಳು ಹೋದವು. ತಳಿಯ ಆವುಲಪ್ಪನವರು ಎರಡನ್ನೂ ಕೊಂಡರು, ಸುಟ್ಟ ಮೋಟಾರು ಸೇರಿಸಿ. ನಾನು ಅಂದುಕೊಂಡದ್ದರಲ್ಲಿ ಅರ್ಧ ಕೊಟ್ಟರು. ಚೌಕಾಸಿ ಮಾಡಲಿಲ್ಲ.

ಅದಕ್ಕೂ ಮೊದಲು ನಡೆದದ್ದನ್ನು ಬರೆಯುತ್ತೇನೆ. ಮಿಷನ್ ಮನೆಯಲ್ಲಿ ಜನ ಮರೆತು ಬಿಟ್ಟ ಡಬ್ಬಿಗಳು ಹನ್ನೊಂದಿದ್ದವು. ಭಾನುವಾರ ಹತ್ತು ಗಂಟೆಗೆ ಬಂದು ತೆಗೆದುಕೊಂಡು ಹೋಗಿ ಎಂದು ಬಚ್ಚಪ್ಪನ ಕೈಯಲ್ಲಿ ಮನೆಮನೆಗೆ ಹೇಳಿ ಕಳಿಸಿದೆ. ಜೂಜುವಾಡಿಗೂ ಕಳಿಸಿದೆ. ಡಬ್ಬಿ ಇಲ್ಲದವರೂ ಬಂದರು. ಲಕ್ಷ್ಮೀದೇವಮ್ಮನ ಮಿಷನ್ನು ಲಾರಿ ಹತ್ತುವುದನ್ನು ನೋಡಬೇಕಲ್ಲ.

ಮೇಘಶ್ರೀ ಬರುವುದಿಲ್ಲ ಎಂದುಕೊಂಡಿದ್ದೆ. ನಿಜ ಹೇಳುತ್ತೇನೆ, ಬರದಿರಲಿ ಎಂದೇ ಆಸೆಪಟ್ಟಿದ್ದೆ. ಬಂದಳು. ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು, ಅಂದು ನಿಂತ ಜಾಗದಲ್ಲೇ, ಮೇಜಿನ ಎದುರು ನಿಂತಳು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಅಂದು ಅವಳನ್ನು ಬೈಯಲು ನನಗೆ ಎಷ್ಟು ಉಸಿರಿತ್ತು! ನಿನ್ನೆ ಬೇಕೆಂದರೂ ಇರಲಿಲ್ಲ. ಎದೆಯ ಕಾಯಿಲೆಯಿಂದ ಶುರುಮಾಡಿ ನಾಲಗೆಗೆ ಬಂದು ಆಮೇಲೆ ತಪ್ಪಿಗೆ ಬರಬೇಕೆಂದು ಯೋಚಿಸಿಟ್ಟುಕೊಂಡಿದ್ದೆ. ಸುತ್ತಿ ಬಳಸಿ ಹೇಳಲು ಆಗಲಿಲ್ಲ. ಮೇಜು ಹಿಡಿದುಕೊಂಡು ಹೇಳಿದೆ:

"ಈ ಮಗೀನ್ ಹಿಟ್ಗೆ ಖಾರ ಬಿದ್ದದ್ದು ನನ್ ಮಿಷನ್ನಿಂದ. ಇವಳ್ ಡಬ್ಬಿ ಶುಚಿಯಾಗಿತ್ತು. ನನ್ ನಾಲ್ಗೆ ಆಗ್ಲೇ ಸತ್ತಿತ್ತು. ಗೊತ್ತಿದ್ದೂ ನಿಮ್ಗೆಲ್ಲ ಸುಳ್ ಯೋಳ್ದೆ."

ಅಷ್ಟೇ. ಕೆಮ್ಮು ಬಂತು. ಬಚ್ಚಪ್ಪ ಸ್ಟೂಲು ತಂದ. ಲಾರಿಯವನು ಹಗ್ಗ ಹಿಡಿದು ನಿಂತುಬಿಟ್ಟ. ಈಗ ನಗುತ್ತಾರೆ, ನಗಲಿ ಎಂದುಕೊಂಡು ಕಾದೆ.

ಬೈರಮ್ಮ ಬಾಯಿ ತೆಗೆದಳು. "ಅಕ್ಕ, ನಮ್ಗ್ ಗೊತ್ತಿತ್ತು."

"ಏನ್ ಗೊತ್ತಿತ್ತು?"

"ನನ್ ಮಲ್ಗೇಗ್ ವಾಸ್ನೆ ಇಲ್ಲ ಅಂದ್ರಲ್ಲ, ಅವತ್ತೇ ಗೊತ್ತಾಯ್ತು. ಈ ಮಗೀಗ್ ಖಾರ ಆದ್ ವಾರ ನಮ್ಮನೇಲೂ ಮೂರ್ ದಿನ ಖಾರದ್ ಮುದ್ದೆ. ನಮ್ ಯಜಮಾನ್ರು ಸಾರೇ ಬ್ಯಾಡ ಅಂದ್ಬುಟ್ರು."

ಹಿಂದಿನಿಂದ ಯಾರೋ "ನಮ್ಮನೇಲೂ" ಎಂದರು. ಇನ್ನೊಬ್ಬರೂ ಅಂದರು.

"ಮತ್ತೆ ಯಾಕ್ರೇ ಯೋಳ್ಲಿಲ್ಲ?" ಎಂದೆ.

"ನಿಮ್ಗಾ? ಯೋಳಾಕ್ ಬಂದೋಳ್ಗೆ ಏನ್ ಮಾಡುದ್ರಿ ಅಂತ ನೋಡಿದ್ವಲ್ಲಕ್ಕ" ಎಂದು ಬೈರಮ್ಮ ಮೇಘಶ್ರೀಯ ಕಡೆ ಕೈ ತೋರಿಸಿದಳು. ಆಮೇಲೆ ತಾನೇ ತಲೆ ತಗ್ಗಿಸಿದಳು. ಅಂದು ನಕ್ಕವರಲ್ಲಿ ಅವಳೂ ಇದ್ದಳು.

ನನಗೆ ಮರ್ಯಾದೆ ಕೊಡುತ್ತಿದ್ದಾರೆ ಎಂದು ಇಷ್ಟು ವರ್ಷ ತಿಳಿದಿದ್ದೆ, ನಾಗವೇಣಿ. ಅವರು ಮನೆಗೆ ಹೋಗಿ ಖಾರದ ಮುದ್ದೆಯನ್ನು ಬಾಯಿ ಮುಚ್ಚಿಕೊಂಡು ನುಂಗುತ್ತಿದ್ದರು.

ಮೇಘಶ್ರೀಯ ಡಬ್ಬಿಯನ್ನು ತೊಳೆದು ಒಣಗಿಸಿ ಇಟ್ಟಿದ್ದೆ. ಎರಡು ಕೈಯಲ್ಲೂ ಹಿಡಿದು ಕೊಟ್ಟೆ. ಅವಳು ಮುಚ್ಚಳ ತೆಗೆದು ಮೂಸಿದಳು. ಮತ್ತೆ ಮುಚ್ಚಿದಳು. ಮಗುವಿನ ಕೈಯನ್ನು ತನ್ನ ಹೆಗಲ ಮೇಲೆ ಸರಿಮಾಡಿಕೊಂಡು, "ಹೋಗ್ತೀನಮ್ಮ" ಎಂದಳು. ಬತ್ತೀನಿ ಎನ್ನಲಿಲ್ಲ. ನಮ್ಮ ಮನೆಬಾಗಿಲಲ್ಲಿ ನಿಂತು ಇದುವರೆಗೆ ಯಾರೂ ಹಾಗೆ ಹೇಳಿ ಹೋಗಿಲ್ಲ. ಆದರೆ ಹೇಳಿ ಹೋದಳು. ಹೋದ ಸಲ ಹೇಳದೆ ಹೋಗಿದ್ದಳು.

ಅವಳು ಬೀದಿಯ ತುದಿಯವರೆಗೆ ನಡೆದು ಹೋಗುವಾಗ ಹೆಂಗಸರು ದಾರಿ ಬಿಟ್ಟು ನಿಂತರು.

ಇಂದು ಬೆಳಿಗ್ಗೆ ಬೋರ್ಡನ್ನು ಇಳಿಸಿದೆ. ಹಾಲು ತರಲು ಹೊರಗೆ ಹೋದೆ. ನಲ್ಲಿಯ ಹತ್ತಿರ ಜಗಳ ನಡೆಯುತ್ತಿತ್ತು, ನನ್ನನ್ನು ನೋಡಿ ನಿಲ್ಲಲಿಲ್ಲ. ತಲೆ ಎತ್ತಲಾಗದೆ ಹೋಗಿ, ತಲೆ ಎತ್ತಲಾಗದೆ ಬಂದೆ. ನಾಳೆಯೂ ಹಾಲು ಬೇಕು, ನಾಳೆಯೂ ಹೋಗುತ್ತೇನೆ.

ಇನ್ನು ಹದಿನಾಲ್ಕು ಡ್ಯೂ ಇದೆ. ಆವುಲಪ್ಪನವರ ದುಡ್ಡಿನಲ್ಲಿ ಮೂರು ತೀರುತ್ತದೆ. ಬಚ್ಚಪ್ಪನಿಗೆ ಎರಡು ತಿಂಗಳ ಸಂಬಳ ಕೊಟ್ಟೆ. ಅಂಗಡಿಗೆ ಬಾಡಿಗೆಯವರು ಬರುವವರೆಗೆ ಉಳಿದದ್ದನ್ನು ನೀನು ಕಟ್ಟು. ಕಟ್ಟಿದಾಗ ನನಗೆ ಹೇಳು. ಕವರನ್ನು ಹಾಲಿನ ಲೆಕ್ಕ ಬರೆಯಲು ಹರಿದುಕೊಂಡೆ.

ಸಂಕ್ರಾಂತಿಗೆ ರಜೆ ಸಿಕ್ಕಿದರೆ ಬಾ. ಅವರೆಕಾಳಿನ ಸಾರು ಮಾಡುತ್ತೇನೆ. ಮೊದಲ ತುತ್ತಿಗೇ ಉಪ್ಪು ಹೆಚ್ಚಾಯಿತು ಎಂದು ನನ್ನ ಮುಖ ನೋಡಿಕೊಂಡು ಹೇಳಬೇಕು. ನಾನು ತಟ್ಟೆ ಎತ್ತಿಕೊಂಡು ಹೋದರೆ, ಅಡುಗೆಮನೆಗೆ ಬಂದು ಇನ್ನೊಂದು ಸಲ ಹೇಳು.

ಅಮ್ಮ